ಲದ್ದಿಯ ಉಂಡೆಗಳ ಮೇಲೆ ನಿಂತ ಚಿತ್ರ

ಮಿಶ್ರ ಮಾಧ್ಯಮ ಎಂದರೇನು ಎಂದು ಕೇಳಿದರೆ ನಾವೆಲ್ಲ ಬರೆಯುವುದು ಒಂದೇ ಸಾಲು: ‘ಒಂದಕ್ಕಿಂತ ಹೆಚ್ಚು ಬಗೆಯ ಸಾಮಗ್ರಿ ಬಳಸಿದ ಚಿತ್ರ’. ತಪ್ಪೇನಿಲ್ಲ, ಅಂಕವೂ ಸಿಗುತ್ತದೆ. ಆದರೆ ಯಾವ ಸಾಮಗ್ರಿ ಚಿತ್ರದೊಳಗೆ ಏನು ಕೆಲಸ ಮಾಡುತ್ತಿದೆ ಎಂದು ಕೇಳಿಕೊಂಡಾಗಲೇ ವಿಷಯ ಬಿಚ್ಚಿಕೊಳ್ಳುವುದು. ಬ್ರಿಟಿಷ್ ಕಲಾವಿದ ಕ್ರಿಸ್ ಒಫಿಲಿಯ ‘ನೋ ವುಮನ್, ನೋ ಕ್ರೈ’ (1998) ಇದಕ್ಕೆ ಒಳ್ಳೆಯ ಉದಾಹರಣೆ. ಚಿತ್ರ ಈಗ ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದಲ್ಲಿದೆ.

ಮೊದಲು ಹಿನ್ನೆಲೆ. ಒಫಿಲಿ ಹುಟ್ಟಿದ್ದು 1968ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಅಪ್ಪ ಅಮ್ಮ ನೈಜೀರಿಯಾದವರು. 1992ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಹೋದದ್ದು ಮಾತ್ರ ಜಿಂಬಾಬ್ವೆಗೆ. ಅಲ್ಲಿನ ಮಾಟೊಬೊ ಬೆಟ್ಟಗಳ ಗುಹಾಚಿತ್ರಗಳಿಂದ ಚುಕ್ಕೆಗಳನ್ನು ಕಲಿತು ಬಂದರು, ಜೊತೆಗೆ ಆನೆ ಲದ್ದಿಯನ್ನೂ ಹಿಡಿದರು. (ಸಗಣಿ ಎಂದು ಬರೆಯಬೇಡಿ, ಅದು ದನದ್ದು.) ‘ಆಫ್ರಿಕಾದ ಬೇರು’ ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಇಲ್ಲಿ ಎಡವುತ್ತಾರೆ. ಹೆತ್ತವರ ದೇಶ ಒಂದು, ಲದ್ದಿ ಸಿಕ್ಕ ದೇಶ ಇನ್ನೊಂದು. ಮುಂದೆ ಲದ್ದಿ ಬಂದದ್ದು ಲಂಡನ್ ಮೃಗಾಲಯದಿಂದ! ಇಲ್ಲಿ ಪರಂಪರೆ ಮನೆಯಿಂದ ಬಂದ ಆಸ್ತಿಯಲ್ಲ, ಹುಡುಕಿಕೊಂಡು ಹೋಗಿ ತಂದದ್ದು.

ಈಗ ಚಿತ್ರ. ಎತ್ತರ ಸುಮಾರು 2.4 ಮೀಟರ್, ಅಂದರೆ ಆಳಿಗಿಂತ ಎತ್ತರ. ಜಡೆ ಹೆಣೆದುಕೊಂಡ ಕಪ್ಪು ಹೆಂಗಸೊಬ್ಬಳ ಪಕ್ಕನೋಟ, ಕಣ್ಣು ಮುಚ್ಚಿದೆ, ಕಣ್ಣೀರು ಸಾಲಾಗಿ ಇಳಿಯುತ್ತಿದೆ. ಹತ್ತಿರ ಹೋದರೆ ಪ್ರತಿ ಹನಿಯೊಳಗೂ ಒಂದು ಪುಟ್ಟ ಫೋಟೊ, ಒಬ್ಬನೇ ಹುಡುಗನ ಮುಖ. ಅವನು ಸ್ಟೀಫನ್ ಲಾರೆನ್ಸ್. 1993ರ ಏಪ್ರಿಲ್ 22ರಂದು ಆಗ್ನೇಯ ಲಂಡನ್ನಿನಲ್ಲಿ ಬಸ್ಸಿಗೆ ಕಾಯುತ್ತಿದ್ದ 18 ವರ್ಷದ ಅವನನ್ನು ಬಿಳಿಯ ಹುಡುಗರ ಗುಂಪು ಜನಾಂಗದ್ವೇಷದಿಂದ ಇರಿದು ಕೊಂದಿತು. ಅಳುತ್ತಿರುವ ಹೆಂಗಸಿಗೆ ಸ್ಫೂರ್ತಿ ಅವನ ತಾಯಿ ಡೊರೀನ್.

ಅಂದರೆ ಇಲ್ಲಿ ಕೊಲಾಜ್ (ಅಚ್ಚಾದ ಕಾಗದ, ಫೋಟೊ ಕತ್ತರಿಸಿ ಅಂಟಿಸುವುದು) ಅಲಂಕಾರಕ್ಕೆ ಮಾಡಿದ್ದಲ್ಲ. ಅದೇ ಹುಡುಗನನ್ನು ಬಣ್ಣದಲ್ಲಿ ಬರೆದಿದ್ದರೆ ಅದು ಕಲಾವಿದ ಕಂಡ ಮುಖವಾಗುತ್ತಿತ್ತು. ಅಚ್ಚಾದ ಫೋಟೊ ಪತ್ರಿಕೆಯಲ್ಲಿ ಊರೆಲ್ಲ ನೋಡಿದ ಮುಖ. ತಾಯಿಯ ಖಾಸಗಿ ದುಃಖದೊಳಗೆ ಊರಿನ ಸುದ್ದಿ ಹೀಗೆ ಸೇರಿಕೊಂಡಿದೆ.

ಲದ್ದಿಯ ಕೆಲಸ ಬೇರೆ. ಒಂದು ಉಂಡೆ ಅವಳ ಸರಕ್ಕೆ ಪದಕವಾಗಿದೆ. ಇನ್ನೆರಡು ಉಂಡೆಗಳು ಕೆಳಗೆ ಕಾಲಿನಂತಿವೆ: ಚಿತ್ರ ಗೋಡೆಯಲ್ಲಿ ನೇತಾಡುವುದಿಲ್ಲ, ಉಂಡೆಗಳ ಮೇಲೆ ನಿಂತು ಗೋಡೆಗೆ ಒರಗಿಕೊಳ್ಳುತ್ತದೆ. 1999ರಲ್ಲಿ ಒಫಿಲಿಯದೇ ಇನ್ನೊಂದು ಚಿತ್ರದ ಲದ್ದಿಯ ಬಗ್ಗೆ ನ್ಯೂಯಾರ್ಕಿನ ಮೇಯರ್ ರಂಪ ಮಾಡಿದ್ದರು. ನೆಲದ ವಸ್ತುವನ್ನು ಕೊರಳಿಗೆ ಏರಿಸಿದ್ದು ಅವಮಾನ ಎಂದು ನನಗಂತೂ ಅನ್ನಿಸುವುದಿಲ್ಲ.

ಉಳಿದ ಸಾಮಗ್ರಿ: ಎಣ್ಣೆಬಣ್ಣ, ಅಕ್ರಿಲಿಕ್, ಗ್ರಾಫೈಟ್ (ಪೆನ್ಸಿಲಿನೊಳಗಿನ ಕಪ್ಪು ಕಡ್ಡಿಯ ವಸ್ತು), ಪಾಲಿಯೆಸ್ಟರ್ ರೆಸಿನ್ (ಒಣಗಿದಾಗ ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವ), ಮಿಣುಕುಪುಡಿ, ನಕ್ಷೆಗೆ ಚುಚ್ಚುವ ಪಿನ್ನು. ಪರೀಕ್ಷೆಗೆ ಇಷ್ಟು ನೆನಪಿರಲಿ.

ಇನ್ನೊಂದು ಪದರ ಪುಸ್ತಕದ ಮುದ್ರಣದಲ್ಲಿ ಸಿಗುವುದಿಲ್ಲ. ಬಣ್ಣದ ಅಡಿಯಲ್ಲಿ ಕತ್ತಲಲ್ಲಿ ಹೊಳೆಯುವ ಬಣ್ಣದಿಂದ ಸ್ಟೀಫನ್‌ನ ಹೆಸರು, 1974–1993 ಎಂಬ ಇಸವಿಗಳು ಬರೆದಿವೆ. ದೀಪ ಆರಿಸಿದರೆ ಹೊಳೆಯುತ್ತವೆ.