ಒಂದು ಅಳತೆ ಬದಲಾದಾಗ ಮಾಡೆಲ್ ಏನು ಮಾಡುತ್ತದೆ?

ಪೀಣ್ಯದ ಒಂದು ಕಾರ್ಖಾನೆಯಲ್ಲಿ ವಿನ್ಯಾಸಕನಾಗಿ ಸೇರಿದ ಹೊಸತರಲ್ಲಿ ನಾನು ಸಣ್ಣ ಗೇರ್‌ಬಾಕ್ಸೊಂದರ ಅಲ್ಯೂಮಿನಿಯಂ ಕವಚದ ಮೂರು ಆಯಾಮದ ಮಾಡೆಲನ್ನು ಕಂಪ್ಯೂಟರಿನಲ್ಲಿ ಮಾಡಿದ್ದೆ. ಅದರಲ್ಲಿ ಕೂತು ಶಾಫ್ಟನ್ನು ಹಿಡಿಯುವ, 6204 ಎಂಬ ಗಾತ್ರದ ಬೇರಿಂಗಿನ ಹೊರವ್ಯಾಸ 47 ಮಿ.ಮೀ.; ಮುಚ್ಚಳವನ್ನು ಬಿಗಿಯುವ ನಾಲ್ಕು ಎಂ6 (6 ಮಿ.ಮೀ. ವ್ಯಾಸದ) ಬೋಲ್ಟುಗಳು ಅದರ ಸುತ್ತ 60 ಮಿ.ಮೀ. ವ್ಯಾಸದ ವೃತ್ತದ ಮೇಲೆ ಇದ್ದವು. ಗ್ರಾಹಕರು 20 ಮಿ.ಮೀ. ಶಾಫ್ಟಿನ ಬದಲು 25 ಮಿ.ಮೀ. ಶಾಫ್ಟ್ ಕೇಳಿದಾಗ ಬೇರಿಂಗ್ 6205 ಆಯಿತು, ಹೊರವ್ಯಾಸ 52ಕ್ಕೆ ಏರಿತು. ನಾನು ಆ ಒಂದು ಸಂಖ್ಯೆಯನ್ನು ತಿದ್ದಿದೆ. ಬೇರಿಂಗ್ ಕೂರುವ ಕುಳಿ ಹಿಗ್ಗಿತು, ಬೋಲ್ಟುಗಳು ಇದ್ದಲ್ಲೇ ಉಳಿದವು, ನಡುವಿನ ಗೋಡೆ ಮೂರೂವರೆ ಮಿ.ಮೀ.ನಿಂದ ಒಂದಕ್ಕೆ ಇಳಿಯಿತು. ರೇಖಾಗಣಿತದ ಲೆಕ್ಕದಲ್ಲಿ ಒಂದು ಮಿ.ಮೀ. ಗೋಡೆಯೂ ಗೋಡೆಯೇ ಆದ್ದರಿಂದ ಪರದೆಯ ಮೇಲೆ ಯಾವ ಎಚ್ಚರಿಕೆಯೂ ಮೂಡಲಿಲ್ಲ. ರಂಧ್ರಕ್ಕೆ ಟ್ಯಾಪ್ ಹೊಡೆದು, ಅಂದರೆ ಒಳಗೆ ತಿರುಪಿನ ಎಳೆ ಕೊರೆದು, ಬೋಲ್ಟ್ ಬಿಗಿದಾಗ ಕವಚ ಬಿರುಕುಬಿಟ್ಟಿತು.

ನಾವು ಕ್ಯಾಡ್ ಎಂದು ಕರೆಯುವ ಕಂಪ್ಯೂಟರ್ ನೆರವಿನ ವಿನ್ಯಾಸವನ್ನು ಬಹಳ ಮಂದಿ ವೇಗವಾಗಿ ಡ್ರಾಯಿಂಗ್ ಬಿಡಿಸುವ ಸಾಧನವೆಂದೇ ತಿಳಿದಿದ್ದಾರೆ. ಆಗ ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಒಂದು ಅಳತೆ ಇನ್ನೊಂದನ್ನು ಏಕೆ ಅವಲಂಬಿಸಿದೆ ಎಂಬುದನ್ನು ಆಕಾರದೊಂದಿಗೇ ಬರೆದಿಡಬಲ್ಲದು ಎಂಬುದೇ ಅದರ ನಿಜವಾದ ಶಕ್ತಿ. ಬೋಲ್ಟುಗಳ ವೃತ್ತಕ್ಕೆ 60 ಎಂದು ಬರೆಯುವ ಬದಲು ‘ಬೇರಿಂಗಿನ ಹೊರವ್ಯಾಸ ಕೂಡಿಸು 13’ ಎಂದು ಬರೆದಿದ್ದರೆ ವೃತ್ತ ತಾನಾಗಿಯೇ 65 ಆಗುತ್ತಿತ್ತು, ಗೋಡೆ ಮೂರೂವರೆ ಮಿ.ಮೀ. ಆಗಿಯೇ ಉಳಿಯುತ್ತಿತ್ತು.

ಈ ವಿಚಾರ ಹೊಸದಲ್ಲ. 1963ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಐವನ್ ಸದರ್ಲೆಂಡ್ ರೂಪಿಸಿದ, ಪರದೆಯ ಮೇಲೆ ಚಿತ್ರ ಬಿಡಿಸುವ ಪ್ರೋಗ್ರಾಂ ಆದ ಸ್ಕೆಚ್‌ಪ್ಯಾಡ್‌ನಲ್ಲಿ, ಬೆಳಕಿನ ಪೆನ್ನಿನಿಂದ ಎಳೆದ ಎರಡು ಗೆರೆಗಳು ಸಮಾಂತರವಾಗಿರಬೇಕು ಎಂದು ಹೇಳಿದರೆ ಯಂತ್ರವೇ ಅವನ್ನು ಸರಿಪಡಿಸುತ್ತಿತ್ತು. 1982ರಲ್ಲಿ ಬಂದ ಆಟೋಕ್ಯಾಡ್ ತಂತ್ರಾಂಶ ಡ್ರಾಯಿಂಗ್ ಬೋರ್ಡನ್ನು ಪರ್ಸನಲ್ ಕಂಪ್ಯೂಟರಿನೊಳಗೆ ತಂದಿತು. ಅಳತೆಗಳ ನಡುವಿನ ಸಂಬಂಧವನ್ನೇ ಘನಾಕಾರದ ಮಾಡೆಲಿನ ಬೆನ್ನೆಲುಬಾಗಿಸುವ ಪದ್ಧತಿಯು ಆ ದಶಕದ ಕೊನೆಯಲ್ಲಿ ಪ್ರೊ ಎಂಜಿನಿಯರ್ ಎಂಬ ತಂತ್ರಾಂಶದ ಮೂಲಕ ಉದ್ಯಮದಲ್ಲಿ ಬೇರೂರಿತು. ಇಂತಹ ಮಾಡೆಲನ್ನು, ಬೇರೆ ಬೇರೆ ಕ್ಯಾಡ್ ತಂತ್ರಾಂಶಗಳು ಓದಬಲ್ಲ ಸ್ಟೆಪ್ ಫೈಲಾಗಿ ಇನ್ನೊಬ್ಬರಿಗೆ ಕಳುಹಿಸಿದರೆ ಸಾಮಾನ್ಯವಾಗಿ ಆಕಾರ ಮಾತ್ರ ತಲುಪುತ್ತದೆ, ಸಂಬಂಧಗಳು ಇಲ್ಲೇ ಉಳಿಯುತ್ತವೆ. ಕೆಲಸ ಹಂಚಿಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು.

ಪರದೆ ಹೇಳದೆ ಬಿಡುವ ಸಂಗತಿಗಳೂ ಇವೆ. 20 ಮಿ.ಮೀ. ಶಾಫ್ಟ್ ಮತ್ತು 20 ಮಿ.ಮೀ. ರಂಧ್ರ ಅಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಕೊಳ್ಳುತ್ತವೆ. ಕಾರ್ಖಾನೆಯಲ್ಲಿ ಅದಕ್ಕೆ ಫಿಟ್, ಅಂದರೆ ಎರಡೂ ಅಳತೆಗಳು ಎಷ್ಟರೊಳಗೆ ಇರಬೇಕೆಂಬ ಮಿತಿ, ಹೇಳಬೇಕು. ಅದಕ್ಕೆ ಗೊತ್ತುಮಾಡಿದ ಸಂಕೇತಗಳಿವೆ: ರಂಧ್ರ ಎಚ್7 ಎಂದರೆ 20.000ರಿಂದ 20.021, ಶಾಫ್ಟ್ ಜಿ6 ಎಂದರೆ 19.980ರಿಂದ 19.993. ಇವೆರಡರ ನಡುವಿನ ಸಂದು, ಮಿ.ಮೀ.ನ ಸಾವಿರದಲ್ಲೊಂದು ಭಾಗವಾದ ಮೈಕ್ರಾನಿನ ಲೆಕ್ಕದಲ್ಲಿ, 7ರಿಂದ 41 ಮೈಕ್ರಾನ್‌ವರೆಗೆ ಇರಬಹುದು. ಶಾಫ್ಟ್ ಸಲೀಸಾಗಿ ತಿರುಗುವುದೇ ಈ ಸಂದಿನಿಂದ. ಹಾಗೆಯೇ, ಮಾಡೆಲಿನ ಕುಳಿಯೊಳಗೆ ಚೂಪಾದ ಲಂಬ ಮೂಲೆಯನ್ನು ಸುಲಭವಾಗಿ ತೋರಿಸಬಹುದು, ಆದರೆ ತಿರುಗುತ್ತಾ ಲೋಹ ಕೊರೆಯುವ 10 ಮಿ.ಮೀ. ವ್ಯಾಸದ ಕಟರ್ ಅಲ್ಲಿ 5 ಮಿ.ಮೀ. ತ್ರಿಜ್ಯದ ದುಂಡನ್ನು ಬಿಟ್ಟೇ ಹೋಗುತ್ತದೆ. ವಿನ್ಯಾಸ ಕಲಿಯುವವರು ಮಿಲ್ಲಿಂಗ್ ಯಂತ್ರದ ಮುಂದೆ ಕೆಲವು ವಾರವಾದರೂ ನಿಲ್ಲಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಕಿರಿಯರು ಮುಗಿಸಿ ತಂದ ಮಾಡೆಲನ್ನು ನಾನು ಈಗ ತಿರುಗಿಸಿ ನೋಡುವುದಕ್ಕೂ ಮೊದಲು, ಅದರ ಮುಖ್ಯ ಅಳತೆಯೊಂದನ್ನು ಐದು ಮಿ.ಮೀ. ಹೆಚ್ಚಿಸಿ, ಯಾವುದು ಜೊತೆಯಲ್ಲಿ ಸರಿಯಿತು, ಯಾವುದು ಇದ್ದಲ್ಲೇ ಉಳಿಯಿತು ಎಂದು ಅವರ ಜೊತೆ ಕುಳಿತು ಒಂದೊಂದಾಗಿ ನೋಡುತ್ತೇನೆ.