ಹಾವಿನ ಹೆಸರು ಹೇಳಬೇಕಾದವರು ಯಾರು?

ಮಳೆಗಾಲದ ರಾತ್ರಿ ಗೋಡೆಯಂಚಿನಲ್ಲಿ ಬಿಳಿ ಪಟ್ಟೆಗಳ ಕಪ್ಪು ಹಾವೊಂದು ಕಂಡರೆ ಈಗ ಮೊದಲು ಹೊರಬರುವುದು ಮೊಬೈಲು. ಫೋಟೊ ವಾಟ್ಸ್‌ಆ್ಯಪ್ ಗುಂಪಿಗೋ ಫೇಸ್‌ಬುಕ್‌ಗೋ ಹೋಗುತ್ತದೆ. ಕೆಲವರು ‘ಕಟ್ಟುಹಾವು, ಹುಷಾರು’ ಅನ್ನುತ್ತಾರೆ. ಇನ್ನು ಕೆಲವರು ‘ತೋಳಹಾವು, ವಿಷ ಇಲ್ಲ’ ಅನ್ನುತ್ತಾರೆ. ಎರಡೂ ರಾತ್ರಿ ಓಡಾಡುವ ಹಾವುಗಳು, ಎರಡೂ ಮನೆಯೊಳಕ್ಕೆ ಬರುತ್ತವೆ. ತೋಳಹಾವು ಹಲ್ಲಿ ತಿಂದುಕೊಂಡಿರುವ ನಿರುಪದ್ರವಿ. ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೂ ಆಗುವುದಿಲ್ಲ, ಗಾಯವೂ ಸರಿಯಾಗಿ ಕಾಣುವುದಿಲ್ಲ. ಚಿಕಿತ್ಸೆ ತಡವಾದರೆ ಉಸಿರಾಟದ ಸ್ನಾಯುಗಳೇ ಸೋತುಹೋಗುತ್ತವೆ. (ಕಚ್ಚಿಸಿಕೊಂಡವರು ಯಾವ ಗುಂಪಿನ ಉತ್ತರಕ್ಕೂ ಕಾಯದೆ ಆಸ್ಪತ್ರೆಗೆ ಓಡಬೇಕು. ನಮ್ಮಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ. ಹಾವಿನ ಹೆಸರು ತಿಳಿಯದಿದ್ದರೂ ವೈದ್ಯರು ಲಕ್ಷಣ ನೋಡಿ ಚಿಕಿತ್ಸೆ ಶುರುಮಾಡಬಲ್ಲರು.)

ಬಲ್ಲವರಿಗೆ ವ್ಯತ್ಯಾಸ ಕಾಣಲು ಹೆಚ್ಚು ಹೊತ್ತು ಬೇಡ. ಕಟ್ಟುಹಾವಿನ ಬೆನ್ನಿನ ನಡುಸಾಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡವು, ಷಟ್ಕೋನಾಕಾರದವು. ಅದರ ಪಟ್ಟೆಗಳು ತಲೆಯ ಕಡೆ ಮಸುಕಾಗಿ, ಬಾಲದ ಕಡೆಗೆ ಹೋದಂತೆ ಸ್ಪಷ್ಟವಾಗುತ್ತವೆ. ತೋಳಹಾವಿನಲ್ಲಿ ಇದು ತಿರುಗುಮುರುಗು: ಮುಂಭಾಗದಲ್ಲಿ ಎದ್ದು ಕಾಣುವ ಪಟ್ಟೆ ಬಾಲದತ್ತ ಮಾಸುತ್ತದೆ. ಆದರೆ ಉತ್ತರ ಬರೆದ ಹತ್ತು ಜನರಲ್ಲಿ ಇದನ್ನು ನೋಡಿ ಹೇಳಿದವರು ಯಾರು, ಸುಮ್ಮನೆ ಊಹಿಸಿದವರು ಯಾರು ಎಂದು ಕೇಳಿದವರಿಗೆ ತಿಳಿಯುವುದಾದರೂ ಹೇಗೆ? ಪರಿಣತರನ್ನು ಗುರುತಿಸಿ, ಅವರ ಹೆಸರಿನ ಪಕ್ಕ ಎಲ್ಲರಿಗೂ ಕಾಣುವಂತೆ ಒಂದು ಗುರುತು ಅಂಟಿಸಬೇಕೇ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ಬಹುಮತಕ್ಕೆ ಬಿಟ್ಟರಾಯಿತು ಎನ್ನುವವರಿಗೆ ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ 1785ರಲ್ಲೇ ಉತ್ತರ ಕೊಟ್ಟಿದ್ದ. ಎರಡೇ ಆಯ್ಕೆಗಳಿರುವ ಪ್ರಶ್ನೆಗೆ ಹನ್ನೊಂದು ಜನ ಬೇರೆಬೇರೆಯಾಗಿ ಯೋಚಿಸಿ ಉತ್ತರಿಸುತ್ತಾರೆ ಎಂದುಕೊಳ್ಳಿ. ಪ್ರತಿಯೊಬ್ಬರೂ ಹತ್ತರಲ್ಲಿ ಆರು ಸಲ ಸರಿ ಹೇಳುವವರಾದರೆ, ಬಹುಮತದ ಉತ್ತರ ಸರಿಯಿರುವ ಸಾಧ್ಯತೆ ಸುಮಾರು ಶೇ 75ಕ್ಕೆ ಏರುತ್ತದೆ. ಅದೇ ಜನ ಹತ್ತರಲ್ಲಿ ನಾಲ್ಕೇ ಸಲ ಸರಿ ಹೇಳುವವರಾದರೆ ಅದು ಸುಮಾರು ಶೇ 25ಕ್ಕೆ ಇಳಿಯುತ್ತದೆ. ಜನ ಹೆಚ್ಚಿದಷ್ಟೂ ಇನ್ನೂ ಇಳಿಯುತ್ತದೆ. ಅಂದರೆ ಸಾಮಾನ್ಯರ ಕಣ್ಣು ಮೋಸಹೋಗುವಂಥ ಪ್ರಶ್ನೆಯಲ್ಲಿ ಗುಂಪು ದೊಡ್ಡದಾದಷ್ಟೂ ತಪ್ಪು ಗಟ್ಟಿಯಾಗುತ್ತದೆ. ಅದೂ ಒಬ್ಬರ ಉತ್ತರ ಇನ್ನೊಬ್ಬರು ನೋಡದಿದ್ದಾಗಿನ ಲೆಕ್ಕ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲನೆಯವರು ಬರೆದದ್ದನ್ನು ಓದಿಯೇ ಎರಡನೆಯವರು ಬರೆಯುತ್ತಾರೆ. ಹತ್ತು ‘ಹೌದು’ಗಳ ಹಿಂದೆ ಇರುವುದು ಒಂದೇ ಊಹೆ ಆಗಿರಬಹುದು.

ರೆಡಿಟ್ ಎಂಬ ಚರ್ಚಾತಾಣದಲ್ಲಿ ಹಾವು ಗುರುತಿಸಲೆಂದೇ ಇರುವ ಒಂದು ದೊಡ್ಡ ಸಮುದಾಯ ಇದಕ್ಕೊಂದು ದಾರಿ ಹುಡುಕಿಕೊಂಡಿದೆ. ಬಹಳ ಕಾಲ ಸರಿಯಾದ ಉತ್ತರ ಕೊಡುತ್ತ ಬಂದವರ ಹೆಸರಿನ ಪಕ್ಕ ‘ನಂಬಬಹುದಾದ ಉತ್ತರದಾರರು’ ಎಂಬರ್ಥದ ಗುರುತು ಕಾಣುತ್ತದೆ. ಅವರ ಡಿಗ್ರಿಗಿಂತ ಅವರು ಕೊಟ್ಟ ಉತ್ತರಗಳ ದಾಖಲೆಗೆ ಅಲ್ಲಿ ಬೆಲೆ. ನನಗೆ ಇದು ಸರಿ ಅನ್ನಿಸುತ್ತದೆ. ಪದವಿಯನ್ನು ಮಾತ್ರ ನೆಚ್ಚಿದರೆ ಏನಾಗುತ್ತದೆ ಎಂಬುದನ್ನು ವಿಕಿಪೀಡಿಯ 2007ರಲ್ಲಿ ಕಂಡಿತು. ದೇವಶಾಸ್ತ್ರದ ಪ್ರಾಧ್ಯಾಪಕ ಎಂದು ಹೇಳಿಕೊಂಡು ಹೆಸರಾಗಿದ್ದ ಸಂಪಾದಕ, ಅಂಥ ಯಾವ ಪದವಿಯೂ ಇಲ್ಲದ 24ರ ಯುವಕ ಎಂದು ಬಯಲಾಯಿತು.

ಹಾಗಾದರೆ ಪ್ರತಿಯೊಂದು ತಾಂತ್ರಿಕ ಸಮುದಾಯಕ್ಕೂ ಈ ಗುರುತು ಬೇಕೇ? ಪ್ರೋಗ್ರಾಮರ್‌ಗಳು ಪ್ರಶ್ನೆ ಕೇಳುವ ಸ್ಟ್ಯಾಕ್ ಓವರ್‌ಫ್ಲೋ 2008ರಿಂದ ನಡೆಯುತ್ತಿದೆ. ಅಲ್ಲಿ ಉತ್ತರ ಕೊಟ್ಟವರು ಪ್ರೊಫೆಸರೋ ಪಿಯುಸಿ ಹುಡುಗಿಯೋ ಎಂದು ಯಾರೂ ಕೇಳಬೇಕಿಲ್ಲ. ಕೋಡ್ ಓಡಿಸಿ ನೋಡಿದರೆ ಗೊತ್ತಾಗುತ್ತದೆ. ಕೇಳಿದವರೇ ಪರೀಕ್ಷಿಸಿಕೊಳ್ಳಬಹುದಾದ ಕಡೆ ಪಟ್ಟ ಕಟ್ಟುವ ಅಗತ್ಯ ಕಡಿಮೆ. ಆದರೆ ಅಲ್ಲಿಯೂ ಒಂದು ಮೂಲೆಯಿದೆ. 2017ರಲ್ಲಿ ಜರ್ಮನಿಯ ಸಂಶೋಧಕರು 13 ಲಕ್ಷ ಆಂಡ್ರಾಯ್ಡ್ ಆ್ಯಪ್‌ಗಳನ್ನು ಜಾಲಾಡಿದಾಗ, ಸುಮಾರು ಶೇ 15ರಷ್ಟರಲ್ಲಿ ಈ ತಾಣದಿಂದ ನಕಲಾದ ಸುರಕ್ಷತೆಗೆ ಸಂಬಂಧಿಸಿದ ಕೋಡ್ ಸಿಕ್ಕಿತು. ಅವುಗಳಲ್ಲಿ ಬಹುಪಾಲು ಆ್ಯಪ್‌ಗಳಲ್ಲಿ ಒಂದಾದರೂ ಅಸುರಕ್ಷಿತ ತುಣುಕು ಇತ್ತು. ಕೋಡ್ ಚೆನ್ನಾಗಿಯೇ ಓಡುತ್ತಿತ್ತು, ಬೀಗ ಮಾತ್ರ ಬಿದ್ದಿರಲಿಲ್ಲ. ಮಾಹಿತಿಯನ್ನು ಬೇರೆಯವರು ಓದಲಾಗದಂತೆ ಮಾಡುವ ಗೂಢಲಿಪೀಕರಣದಂಥ ವಿಷಯದಲ್ಲಿ ಕೇಳಿದವರಿಗೆ ತಪ್ಪು ಕಾಣುವುದೇ ಇಲ್ಲ, ಹಾವಿನ ವಿಷಯದಲ್ಲಿ ಆದಂತೆಯೇ. ಬಲ್ಲವರ ಗುರುತು ಬೇಕಾದದ್ದು ಅಂಥ ಕಡೆ.

ಆ ಗುರುತು ಎಷ್ಟು ಅಗಲ ಇರಬೇಕೆಂಬುದೂ ಮುಖ್ಯ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ 2002ರಲ್ಲಿ ಶುರುಮಾಡಿದ, ಪಕ್ಷಿವೀಕ್ಷಕರು ತಾವು ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಇಬರ್ಡ್ ತಾಣದಲ್ಲಿ ಪರಿಶೀಲಕರನ್ನು ಪ್ರದೇಶವಾರು ನೇಮಿಸುತ್ತಾರೆ. ಆ ಊರಿಗೆ, ಆ ತಿಂಗಳಿಗೆ ಹೊಂದದ ಹಕ್ಕಿಯನ್ನೋ ವಿಪರೀತ ಸಂಖ್ಯೆಯನ್ನೋ ಯಾರಾದರೂ ದಾಖಲಿಸಿದರೆ ಕಂಪ್ಯೂಟರ್ ಅದನ್ನು ಎತ್ತಿ ತೋರಿಸುತ್ತದೆ. ಆಗ ಸ್ಥಳೀಯ ಸ್ವಯಂಸೇವಕರು ಫೋಟೊ ಇದೆಯೇ, ಕೂಗು ಕೇಳಿದಿರಾ ಎಂದು ವಿಚಾರಿಸುತ್ತಾರೆ. ಭಾರತದ ಪಟ್ಟಿಗಳನ್ನು ಹೀಗೆ ನೋಡುವವರು ಇಲ್ಲಿನ ಪಕ್ಷಿವೀಕ್ಷಕರೇ. ಕೊಡಗಿನ ಹಕ್ಕಿ ಬಲ್ಲವರನ್ನು ಲಡಾಖಿನ ಹಕ್ಕಿಗೂ ಪರಿಣತರೆಂದು ಕೂರಿಸಿದರೆ ಅವರೂ ಎಡವುತ್ತಾರೆ. ಪಟ್ಟದ ಅಪಾಯ ಇರುವುದೇ ಇಲ್ಲಿ: ಒಂದು ವಿಷಯಕ್ಕೆ ಕೊಟ್ಟ ಗೌರವ ಸದ್ದಿಲ್ಲದೆ ಪಕ್ಕದ ಹತ್ತು ವಿಷಯಗಳಿಗೆ ಹರಿದುಬಿಡುತ್ತದೆ, ಹೊಸಬರು ಬಾಯಿ ತೆರೆಯಲು ಹಿಂಜರಿಯುತ್ತಾರೆ.

ಆದ್ದರಿಂದ ಗುರುತಿಗೆ ಅವಧಿಯೂ ಇರಬೇಕು. ಮೈಕ್ರೋಸಾಫ್ಟ್ ತನ್ನ ಬಳಕೆದಾರರಿಗೆ ನೆರವಾಗುವ ಹೊರಗಿನ ಪರಿಣತರನ್ನು 1993ರಿಂದ ಗುರುತಿಸುತ್ತ ಬಂದಿದೆ. ಆ ಮನ್ನಣೆ ಒಂದು ವರ್ಷದ್ದು, ಮುಂದಿನ ವರ್ಷ ಮತ್ತೆ ಗಳಿಸಬೇಕು. ಇದರ ಜೊತೆಗೆ ನಾನು ಇನ್ನೊಂದು ಷರತ್ತು ಹಾಕುತ್ತೇನೆ. ಗುರುತು ಪಡೆದವರು ‘ತೋಳಹಾವು’ ಎಂದಷ್ಟೇ ಬರೆದು ಹೋಗದೆ, ‘ಪಟ್ಟೆ ಕುತ್ತಿಗೆಯ ಹತ್ತಿರ ದಟ್ಟವಾಗಿದೆ, ಬೆನ್ನಿನ ನಡುಸಾಲಿನ ಹುರುಪೆ ದೊಡ್ಡದಿಲ್ಲ’ ಎಂದು ಕಾರಣವನ್ನೂ ಬರೆಯಬೇಕು. ಆಗ ಬೇರೆ ಬಲ್ಲವರು ಅದನ್ನು ಪ್ರಶ್ನಿಸಬಹುದು, ಗುಂಪಿನಲ್ಲಿ ಓದುತ್ತಿರುವ ಹೊಸಬರು ಮುಂದಿನ ಫೋಟೊ ಬಂದಾಗ ಮೊದಲು ಹುರುಪೆ ನೋಡಬಹುದು.