ರೆಡ್ ರಿವರ್ ಕಣಿವೆ: ಚೌಕಕ್ಕೆ ಕೂರದ ಹೊಲಗಳು

ಕೆನಡಾದ ವಿನ್ನಿಪೆಗ್ ನಗರವನ್ನು ಮ್ಯಾಪಿನಲ್ಲಿ ಒಮ್ಮೆ ನೋಡಿ. ಊರಾಚೆಯ ಬಯಲೆಲ್ಲ ಚೌಕಾಬಾರದ ಮನೆಗಳ ಹಾಗೆ ನೀಟಾಗಿ ಗೆರೆ ಎಳೆದಿಟ್ಟಂತಿದೆ. ರೆಡ್ ರಿವರ್ ನದಿಯ ಹತ್ತಿರ ಬಂದರೆ ಮಾತ್ರ ಲೆಕ್ಕ ತಪ್ಪುತ್ತದೆ. ಬೀದಿಗಳು ಓರೆಯಾಗುತ್ತವೆ, ನದಿಯ ಜೊತೆ ತಿರುಗುತ್ತವೆ. ಈ ಓರೆಯ ಹಿಂದೆ 150 ವರ್ಷ ದಾಟಿದ ಒಂದು ಜಮೀನಿನ ತಕರಾರಿದೆ.

ಶುರುವಿನ ಕಥೆ ಬೇಗ ಮುಗಿಸೋಣ. 1670ರಲ್ಲಿ ಇಂಗ್ಲೆಂಡಿನ ರಾಜ ತುಪ್ಪಳದ ವ್ಯಾಪಾರ ಮಾಡುವ ಹಡ್ಸನ್ ಬೇ ಕಂಪನಿಗೆ ಒಂದು ಸನ್ನದು ಬರೆದುಕೊಟ್ಟ. ಹಡ್ಸನ್ ಕೊಲ್ಲಿಗೆ ನೀರು ಹರಿಯುವ ನೆಲವೆಲ್ಲ ಕಂಪನಿಯ ಪಾಲಾಯಿತು. ಅಲ್ಲೇ ಬಾಳುತ್ತಿದ್ದ ಕ್ರೀ, ಅನಿಶಿನಾಬೆ ಜನರನ್ನು ಯಾರೂ ಕೇಳಲಿಲ್ಲ. 1812ರಲ್ಲಿ ಸ್ಕಾಟ್ಲೆಂಡಿನ ಲಾರ್ಡ್ ಸೆಲ್ಕರ್ಕ್ ಕಳಿಸಿದ ರೈತರು ನದಿ ದಂಡೆಗೆ ಬಂದಿಳಿದರು. ತುಪ್ಪಳದ ವ್ಯಾಪಾರಿಗಳಿಗೂ ಇಲ್ಲಿನ ಹೆಂಗಸರಿಗೂ ಹುಟ್ಟಿದ ಮಕ್ಕಳು, ಮೊಮ್ಮಕ್ಕಳು ಅಷ್ಟರಲ್ಲಾಗಲೇ ಬೇರೆಯದೇ ಒಂದು ಜನಾಂಗವಾಗಿ ಬೆಳೆದಿದ್ದರು. ಅವರೇ ಮೆಟಿ ಜನ.

ಮೆಟಿಗಳ ಬದುಕು ನಿಂತದ್ದು ಗಾಡಿಯ ಮೇಲೆ. ನಮ್ಮ ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಇರುತ್ತೆ, ಕೀಲೆಣ್ಣೆ ಬಿಡುತ್ತೇವೆ ಅಲ್ವಾ? ರೆಡ್ ರಿವರ್ ಗಾಡಿಗೆ ಎರಡೂ ಇಲ್ಲ. ಎಲ್ಲವೂ ಮರ. ಬಿಗಿಯಲು ಹಸಿ ಚರ್ಮದ ಪಟ್ಟಿ. ಎಣ್ಣೆ ಹಾಕಿದರೆ ಬಯಲಿನ ದೂಳು ಮೆತ್ತಿಕೊಂಡು ಚಕ್ರ ಹಿಡಿದುಬಿಡುತ್ತಿತ್ತು. ಹಾಗಾಗಿ ಗಾಡಿಸಾಲು ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ಅದರ ಕಿರುಗುಟ್ಟುವ ಸದ್ದು ಕೇಳುತ್ತಿತ್ತು. ಹೊಳೆ ಎದುರಾದರೆ ಚಕ್ರ ಬಿಚ್ಚಿ ಗಾಡಿಯ ಅಡಿಗೆ ಕಟ್ಟುವುದು, ಅದನ್ನೇ ತೆಪ್ಪ ಮಾಡಿಕೊಂಡು ದಾಟುವುದು. ಒಂದೊಂದು ಗಾಡಿಯಲ್ಲಿ ಸುಮಾರು 450 ಕಿಲೋ ಸರಕು. ದಕ್ಷಿಣಕ್ಕೆ ಅಮೆರಿಕದ ಸೇಂಟ್ ಪಾಲ್‌ವರೆಗೆ, ಪಶ್ಚಿಮಕ್ಕೆ ಎಡ್ಮಂಟನ್ ಕೋಟೆವರೆಗೆ ಗಾಡಿಜಾಡು ಬಿದ್ದಿತ್ತು. ವಿನ್ನಿಪೆಗ್‌ನ ಪೋರ್ಟೇಜ್ ಅವೆನ್ಯೂ, ಮೇನ್ ಸ್ಟ್ರೀಟ್ ಎರಡೂ ಆ ಹಳೇ ಜಾಡುಗಳೇ.

ಅವರ ಹೊಲಗಳೂ ಹಾಗೇ, ಕೆಲಸಕ್ಕೆ ತಕ್ಕ ಆಕಾರ. ನದಿಯ ಕಡೆ ಕೆಲವೇ ನೂರು ಅಡಿ ಅಗಲ, ಹಿಂದಕ್ಕೆ ಎರಡು ಮೈಲಿ ಉದ್ದ. ಎಲ್ಲರಿಗೂ ನೀರು, ಎಲ್ಲರಿಗೂ ಕೂಗಳತೆಯಲ್ಲಿ ನೆರೆಮನೆ. ಅದರಾಚೆ ಇನ್ನೆರಡು ಮೈಲಿ ಹುಲ್ಲು ಕೊಯ್ಯುವ ಹಕ್ಕು. ಎಷ್ಟೋ ಜನರ ಬಳಿ ಇದಕ್ಕೆ ಕಾಗದಪತ್ರ ಇರಲಿಲ್ಲ. ಊರಿಗೆಲ್ಲ ಗೊತ್ತಿತ್ತು, ಅಷ್ಟೇ.

ಗೊಂದಲ ಶುರುವಾದದ್ದು 1869ರಲ್ಲಿ. ಕಂಪನಿಯ ನೆಲವನ್ನು 3 ಲಕ್ಷ ಪೌಂಡಿಗೆ ಕೊಳ್ಳಲು ಕೆನಡಾ ಒಪ್ಪಿತು. ಕೈಬದಲಾಗುವ ಮೊದಲೇ ಸರ್ವೆಯವರು ಬಂದರು. ಅವರ ಲೆಕ್ಕ ಚೌಕದ್ದು: ನೆಲವನ್ನು ದೊಡ್ಡ ಚೌಕಗಳಾಗಿ ಒಡೆಯುವುದು, ಅಂಥ ಒಂದು ಟೌನ್‌ಶಿಪ್‌ಗೆ 64 ತುಂಡು, ತುಂಡಿಗೆ 800 ಎಕರೆ. ಕೈಯಲ್ಲಿ 66 ಅಡಿಯ ಸರಪಳಿ. ನಮ್ಮ ಗುಂಟೆಯ ಅಳತೆಯೂ ಅದರ ಅರ್ಧಕ್ಕೆ ಸರಿ, 33 ಅಡಿಗೆ 33 ಅಡಿ. ಅಕ್ಟೋಬರ್ 11ರಂದು ಒಬ್ಬ ಮೆಟಿ ರೈತನ ಹುಲ್ಲುಗಾವಲಿನಲ್ಲಿ ಮೆಟಿಗಳ ಮುಂದಾಳು ಲೂಯಿ ರಿಯೆಲ್ ಮತ್ತು ಸಂಗಡಿಗರು ಸರ್ವೆಯವರಿಗೆ ಅಡ್ಡ ಬಂದು, ಸರಪಳಿಯ ಮೇಲೆ ಕಾಲಿಟ್ಟು ನಿಂತರು. ಆವತ್ತು ಗುಂಡು ಹಾರಲಿಲ್ಲ. ಅಳತೆ ನಿಂತಿತು.

ಮುಂದಿನ ತಿಂಗಳುಗಳಲ್ಲಿ ರಿಯೆಲ್ ಕಡೆಯವರು ಕಂಪನಿಯ ಕೋಟೆ ಹಿಡಿದದ್ದು, ತಾತ್ಕಾಲಿಕ ಸರ್ಕಾರ ಕಟ್ಟಿದ್ದು, ಒಬ್ಬನಿಗೆ ಮರಣದಂಡನೆ ಕೊಟ್ಟದ್ದು, ಎಲ್ಲ ಆಯಿತು. 1870ರಲ್ಲಿ ಈ ಕಣಿವೆಯನ್ನು ಕೆನಡಾದ ಒಂದು ಪ್ರಾಂತ್ಯವಾಗಿಸಿದ ಮ್ಯಾನಿಟೋಬಾ ಕಾಯ್ದೆ ಬಂತು. ಮೆಟಿ ಮಕ್ಕಳಿಗೆ 14 ಲಕ್ಷ ಎಕರೆ ಕೊಡುವುದಾಗಿ ಅದರಲ್ಲೇ ಬರೆದಿತ್ತು.

ಬರೆದದ್ದು ಸರಿ, ಕೊಡುವುದು ಯಾವಾಗ? ಮೊದಲು ತಲೆಗೆ 140 ಎಕರೆ ಅಂತ ಲೆಕ್ಕ ಹಾಕಿದರು. ಮಕ್ಕಳ ಜೊತೆ ಅಪ್ಪ ಅಮ್ಮಂದಿರನ್ನೂ ಎಣಿಸಿಬಿಟ್ಟಿದ್ದರು. ಅದು ರದ್ದು. ಮತ್ತೆ ಎಣಿಕೆ, ಮತ್ತೆ ತಿದ್ದುಪಡಿ. ಕೊನೆಗೆ 240 ಎಕರೆಗೆ ನಿಂತಾಗ 1876 ಆಗಿತ್ತು. ಹಂಚಿದ್ದು ಚೀಟಿ ಎತ್ತಿ. ಹೀಗಾಗಿ ಒಂದೇ ಮನೆಯ ಅಣ್ಣತಮ್ಮಂದಿರ ಜಮೀನು ಅಕ್ಕಪಕ್ಕ ಬರಲಿಲ್ಲ. ಕೊನೆಯಲ್ಲಿ 993 ಮಕ್ಕಳಿಗೆ ನೆಲವೇ ಉಳಿಯಲಿಲ್ಲ. 1885ರಲ್ಲಿ ಅವರ ಕೈಗೆ ಬಂದದ್ದು ಜಮೀನು ಕೊಳ್ಳಲು ಬಳಸಬಹುದಾದ 240 ಡಾಲರಿನ ಸರ್ಕಾರಿ ಪತ್ರ. ಅಷ್ಟರಲ್ಲಿ ಜಮೀನಿನ ಬೆಲೆ ಏರಿತ್ತು, ಆ ದುಡ್ಡಿಗೆ 240 ಎಕರೆ ಎಲ್ಲಿಂದ ಬರಬೇಕು?

ಈ ನಡುವೆ ಯಾರೂ ಕಾದು ಕೂರಲಿಲ್ಲ. ಹೊಸಬರು ಬಂದರು, ರೈಲು ಬಂತು. ಹಕ್ಕುಪತ್ರ ಕೈಸೇರುವ ಮೊದಲೇ ಅದನ್ನು ಕಡಿಮೆ ಬೆಲೆಗೆ ಬರೆಸಿಕೊಳ್ಳುವವರು ಮನೆಬಾಗಿಲಿಗೇ ಬಂದರು. ಬೇಕೆಂದೇ ತಡ ಮಾಡಿದರೋ, ಸುಮ್ನೆ ಕಚೇರಿಯ ಎಡವಟ್ಟೋ ಎಂದು ಇತಿಹಾಸಕಾರರು ಇವತ್ತಿಗೂ ವಾದ ಮಾಡುತ್ತಾರೆ. ದಂಡೆ ಬಿಟ್ಟು ಹೊರಟವರಿಗೆ ಎರಡೂ ಒಂದೇ ಆಗಿತ್ತು. ಎಷ್ಟೋ ಕುಟುಂಬಗಳು ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ, ಸಸ್ಕಾಚೆವಾನ್ ನದಿಯ ಕಡೆ ನಡೆದವು. ಅಲ್ಲಿಯೂ ಅದೇ ಉದ್ದುದ್ದ ಹೊಲ, ಅದೇ ಚೌಕದ ಸರ್ವೆ. ಈ ಸಲ ಯುದ್ಧವೇ ನಡೆಯಿತು. 1885ರ ನವೆಂಬರ್ 16ರಂದು ರೆಜೈನಾ ನಗರದಲ್ಲಿ, ಈ ಸಲವೂ ಮೆಟಿಗಳ ಮುಂದಾಳಾಗಿದ್ದ ರಿಯೆಲ್‌ನನ್ನು ಗಲ್ಲಿಗೇರಿಸಲಾಯಿತು.

ಮ್ಯಾನಿಟೋಬಾದ ಮೆಟಿ ಒಕ್ಕೂಟ 1981ರಲ್ಲಿ ಕೋರ್ಟಿಗೆ ಹೋಯಿತು. ತೀರ್ಪು ಬರಲು 32 ವರ್ಷ ಬೇಕಾಯಿತು. 2013ರ ಮಾರ್ಚ್ 8ರಂದು ಕೆನಡಾದ ಸುಪ್ರೀಂ ಕೋರ್ಟ್, 14 ಲಕ್ಷ ಎಕರೆಯ ಮಾತನ್ನು ಸರ್ಕಾರ ತನ್ನ ಘನತೆಗೆ ತಕ್ಕಂತೆ ನಡೆಸಿಕೊಡಲಿಲ್ಲ ಎಂದು ಘೋಷಿಸಿತು. ಒಕ್ಕೂಟ ಕೇಳಿದ್ದೂ ಆ ಘೋಷಣೆಯನ್ನೇ. ಜಮೀನಿನ ಮಾತನ್ನು ಸರ್ಕಾರದ ಜೊತೆ ಕೂತು ಆಡಬೇಕಿತ್ತು.